ಚೋಮನ ದುಡಿಯೂ ನನ್ನ ಒಂದು ವಾಕ್ಯವೂ

ಎಂ.ಎ. ಎರಡನೆಯ ವರ್ಷದ ಕಿರುಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಶಿವರಾಮ ಕಾರಂತರ ‘ಚೋಮನ ದುಡಿ’. ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುವ ದಲಿತ ಚೋಮನ ಕತೆ. 1933ರ ಕಾದಂಬರಿ, ಗಾತ್ರದಲ್ಲಿ ಚಿಕ್ಕದು, ಬೇಗ ಮುಗಿದೀತು ಎಂಬ ಲೆಕ್ಕಾಚಾರವೂ ಇತ್ತೆನ್ನಿ. ಪುಟಗಳೇನೋ ಬೇಗ ತುಂಬಿದವು. ಕಾಡಿದ್ದು ಪೀಠಿಕೆಯ ಕೊನೆಯ ವಾಕ್ಯ, ಪ್ರಬಂಧ ಏನನ್ನು ಸಾಧಿಸಹೊರಟಿದೆ ಎಂದು ಹೇಳಬೇಕಾಗಿದ್ದ ವಾಕ್ಯ:

‘ಈ ಕಾದಂಬರಿಯಲ್ಲಿ ದುಡಿಯು ಶೋಷಣೆಯ ಸಂಕೇತವಾಗಿದ್ದು, ದಲಿತರ ನೋವು, ಸಂಭ್ರಮ, ಸಂಸ್ಕೃತಿ ಹಾಗೂ ಪ್ರತಿಭಟನೆಯನ್ನು ಪ್ರತಿನಿಧಿಸುವ ಮೂಲಕ ಮಹತ್ವದ ಪಾತ್ರ ವಹಿಸುತ್ತದೆ ಎಂದು ಹೇಳಬಹುದಾಗಿದೆ.’

ಬರೆದಾಗ ಬಹಳ ಗಂಭೀರವಾಗಿದೆ ಎನಿಸಿತ್ತು. ಮಾರ್ಗದರ್ಶಕರು ಓದಿ, “ಶೋಷಣೆಯ ಸಂಕೇತ ಎನ್ನುತ್ತೀರಿ. ಖುಷಿಯಾದಾಗಲೂ ಅವನು ಅದನ್ನೇ ಬಾರಿಸುತ್ತಾನಲ್ಲ, ಆಗ ಅದು ಏನು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲ ಮೂರು ತಿದ್ದುಪಡಿಗಳು ಬರೀ ಕಸರತ್ತು. ‘ಹಾಗೂ’ ತೆಗೆದೆ, ‘ಸಂಕೇತ’ ಇದ್ದಲ್ಲಿ ‘ಪ್ರತಿಮೆ’ ತಂದೆ. ದುಡಿ ಎಂದರೆ ವಾದ್ಯವೂ ಹೌದು, ‘ಕಷ್ಟಪಟ್ಟು ಕೆಲಸ ಮಾಡು’ ಎಂಬ ಕ್ರಿಯಾಪದವೂ ಹೌದು ಎಂಬುದು ಹೊಳೆದಾಗ ಹಿಗ್ಗಿಹೋಗಿ ಅದರ ಮೇಲೆಯೇ ಒಂದು ವಾಕ್ಯ ಕಟ್ಟಿದೆ. ಚಂದವಾಗಿತ್ತು. ಆದರೆ ಅದು ಪದದ ಬಗ್ಗೆ ಹೇಳುತ್ತಿತ್ತೇ ಹೊರತು ಚೋಮನ ಬಗ್ಗೆ ಅಲ್ಲ. ಅಡಿಟಿಪ್ಪಣಿಗೆ ಕಳಿಸಿದೆ.

ಕೊನೆಗೆ ‘ಸಂಕೇತ’, ‘ಪ್ರತಿನಿಧಿಸು’, ‘ಪಾತ್ರ ವಹಿಸು’ ಮೂರನ್ನೂ ನನಗೆ ನಾನೇ ನಿಷೇಧಿಸಿಕೊಂಡು ಕೊನೆಯ ಅಧ್ಯಾಯವನ್ನು ಮತ್ತೆ ಓದಿದೆ. ಚೋಮನಿಗೆ ಒಂದು ತುಂಡು ನೆಲ ಉಳಬೇಕೆಂಬ ಆಸೆ. ಹುಟ್ಟಿದ ಜಾತಿಯ ಕಾರಣಕ್ಕೆ ಅದು ದಕ್ಕುವುದಿಲ್ಲ. ಗುಡಿಸಲಲ್ಲಿ ಎತ್ತಿನ ಜೋಡಿ ಇದೆ, ಉಳಲು ಹೊಲವಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪಿಹೋದ ಮೇಲೆ ಅವನು ಎತ್ತುಗಳನ್ನು ಓಡಿಸಿಬಿಡುತ್ತಾನೆ, ನೇಗಿಲನ್ನು ಮುರಿಯುತ್ತಾನೆ. ದುಡಿಯನ್ನು ಮಾತ್ರ ಬಿಡುವುದಿಲ್ಲ. ಅದನ್ನು ಬಾರಿಸುತ್ತಲೇ ಸಾಯುತ್ತಾನೆ. ಎಷ್ಟೋ ಸಲ ಓದಿದ್ದ ಪುಟ. ಎರಡನ್ನು ತೊರೆದು ಒಂದನ್ನು ಉಳಿಸಿಕೊಂಡನೆಂಬ ಲೆಕ್ಕ ಅದುವರೆಗೆ ಕಣ್ಣಿಗೆ ಬಿದ್ದಿರಲಿಲ್ಲ.

ವಾಕ್ಯದ ಕರ್ತೃವೇ ತಪ್ಪಾಗಿತ್ತು. ಏನನ್ನಾದರೂ ಮಾಡುವವನು ಚೋಮ, ದುಡಿಯಲ್ಲ. ಅವನನ್ನು ಮುಂದಕ್ಕೆ ತಂದ ಕೂಡಲೇ ಕ್ರಿಯಾಪದಗಳು ತಾವಾಗಿ ಬಂದವು:

‘ಉಳಲು ನೆಲ ಸಿಗದ ಚೋಮ ತನ್ನ ಸಂತಸ, ಸಿಟ್ಟು, ಸಂಕಟಗಳನ್ನೆಲ್ಲ ದುಡಿಯ ಮೇಲೆ ಬಾರಿಸುತ್ತಾನೆ, ಎತ್ತು, ನೇಗಿಲುಗಳನ್ನು ತೊರೆದವನು ದುಡಿಯನ್ನು ಉಳಿಸಿಕೊಳ್ಳುವುದರಿಂದ ಅವನ ಕೊನೆಯ ಬಡಿತವನ್ನು ಸೋಲೊಪ್ಪಿದ ಸದ್ದು ಎಂದಲ್ಲ, ಸೋಲೊಪ್ಪದ ಸದ್ದು ಎಂದು ಓದಬಹುದು.’

ಇದನ್ನು ಒಪ್ಪದವರು ಇರಬಹುದು, ಜಗಳಕ್ಕೆ ಜಾಗವಿದೆ. ಹಳೆಯ ವಾಕ್ಯವನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ, ಏಕೆಂದರೆ ಅದು ಏನನ್ನೂ ಹೇಳಿರಲಿಲ್ಲ. ಹೊಸದಕ್ಕೆ ಹೊಂದದ ಕಾರಣ ಜನಪದ ವಾದ್ಯಗಳ ಕುರಿತು ಬರೆದಿದ್ದ ಹನ್ನೊಂದು ಪುಟ ಕಸದ ಬುಟ್ಟಿಗೆ ಹೋಯಿತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಮಾರ್ಗದರ್ಶಕರು ಈ ಸಲ ಒಂದೇ ಕಡೆ ಪೆನ್ಸಿಲ್ ಆಡಿಸಿದರು. ‘ಓದಬಹುದು’ ಎಂಬಲ್ಲಿ ‘ಬಹುದು’ ಹೊಡೆದುಹಾಕಿ, ಮೇಲೆ ‘ಬೇಕು’ ಎಂದು ಬರೆದರು.