ನಡುರಾತ್ರಿ ಮೂರಕ್ಕೆ ಎಚ್ಚರವಾಗುತ್ತಿದೆಯೇ? ರಾತ್ರಿಯೂಟದ ಲೆಕ್ಕ ಸರಿಪಡಿಸುವ ಕ್ರಮ

ತೂಕ ಇಳಿಸಲು ಹೊರಟವರು ಮೊದಲು ಕತ್ತರಿ ಹಾಕುವುದು ರಾತ್ರಿಯೂಟಕ್ಕೆ. ವಾರ ಕಳೆಯುವಷ್ಟರಲ್ಲಿ ನಡುರಾತ್ರಿ ಮೂರಕ್ಕೆ ಕಣ್ಣು ತೆರೆದುಕೊಳ್ಳುತ್ತದೆ, ಎದೆ ಸಣ್ಣಗೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಚುರುಗುಟ್ಟುತ್ತದೆ. ದೂರೆಲ್ಲ ಹಾಸಿಗೆಯ ಮೇಲೆ, ಮೊಬೈಲಿನ ಮೇಲೆ. ತಟ್ಟೆಯತ್ತ ಯಾರೂ ನೋಡುವುದಿಲ್ಲ.

1. ಮೂರು ದಿನ ಬರೆದಿಡಿ: ಏನು ತಿಂದಿರಿ, ಎಷ್ಟು ಹೊತ್ತಿಗೆ, ರಾತ್ರಿ ಯಾವಾಗ ಎಚ್ಚರವಾಯಿತು. ಚಹಾದ ಜೊತೆಗಿನ ಬಿಸ್ಕತ್ತನ್ನೂ ಬಿಡಬೇಡಿ.

2. ಮಧ್ಯಾಹ್ನದ ಊಟದ ನಂತರ ಕಾಫಿ, ಚಹಾ ನಿಲ್ಲಿಸಿ. ಕುಡಿದ ಕೆಫೀನಿನ ಅರ್ಧ ಭಾಗ ಐದಾರು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ. ‘ಕೊಬ್ಬು ಕರಗಿಸುವ’ ಪುಡಿ, ಮಾತ್ರೆಗಳಲ್ಲಿ ಎಷ್ಟೋ ಸಲ ಇರುವುದೂ ಇದೇ ಕೆಫೀನ್. ಹಸಿವನ್ನು ಅಡಗಿಸಿ ನಿದ್ದೆಯನ್ನು ಕಸಿಯುವ ಅಂಥವನ್ನು ಮನೆಗೇ ತರಬೇಡಿ.

3. ಈಗ ಕೊರತೆಯ ಲೆಕ್ಕ, ಅಂದರೆ ದಿನಕ್ಕೆ ಎಷ್ಟು ಕ್ಯಾಲೊರಿ ಕಡಿಮೆ ತಿನ್ನಬೇಕೆಂಬುದು. ಎಲ್ಲರೂ ಎಡವುವುದು ಇಲ್ಲೇ. ಮಿದುಳಿನ ಹೈಪೊಥಲಾಮಸ್‌ನಲ್ಲಿ ಒರೆಕ್ಸಿನ್ ಎಂಬ ರಾಸಾಯನಿಕ ಸ್ರವಿಸುವ ನರಕೋಶಗಳಿವೆ. ನಮ್ಮನ್ನು ಎಚ್ಚರವಾಗಿಡುವುದು ಅವುಗಳ ಕೆಲಸ. ರಕ್ತದ ಗ್ಲೂಕೋಸ್, ಕೊಬ್ಬಿನಿಂದ ಬರುವ, ಹಸಿವು ತಣಿಸುವ ಹಾರ್ಮೋನು ಲೆಪ್ಟಿನ್ ಅವನ್ನು ಸುಮ್ಮನಾಗಿಸುತ್ತವೆ. ಖಾಲಿ ಹೊಟ್ಟೆ ಸ್ರವಿಸುವ ಹಸಿವಿನ ಹಾರ್ಮೋನು ಘ್ರೆಲಿನ್ ಕೆರಳಿಸುತ್ತದೆ. ದಿನಗಟ್ಟಲೆ ತೀರಾ ಕಡಿಮೆ ತಿಂದರೆ ದೇಹಕ್ಕೆ ‘ಏಳು, ಆಹಾರ ಹುಡುಕು’ ಎಂಬ ಕರೆ ಹೋಗುತ್ತದೆ. ಅದು ದೇಹ ತನ್ನನ್ನು ಕಾಪಾಡಿಕೊಳ್ಳುವ ಬಗೆ. ಹಟ ಮಾಡಿ ಅದನ್ನು ಗೆಲ್ಲಲಾಗದು.

ಆದ್ದರಿಂದ ದಿನದ ಕಡಿತ 300ರಿಂದ 500 ಕ್ಯಾಲೊರಿಯೊಳಗಿರಲಿ, ಅದನ್ನೂ ಒಂದೇ ಊಟದಿಂದ ಕೀಳಬೇಡಿ. 2000 ಬೇಕಾದವರು 1600ಕ್ಕೆ ಇಳಿಯುವುದಾದರೆ ಹೀಗೆ ಹಂಚಿ: ಬೆಳಿಗ್ಗೆ 450, ಮಧ್ಯಾಹ್ನ 600, ಸಂಜೆ 100, ರಾತ್ರಿ 450. ರಾತ್ರಿಯ 450 ಎಂದರೆ ಗಟ್ಟಿಯಾಗಿ ಬೇಯಿಸಿದ ಬೇಳೆ 200 ಗ್ರಾಂ, ಅನ್ನ 120 ಗ್ರಾಂ, ಒಂದು ಚಮಚ ಎಣ್ಣೆಯ ಪಲ್ಯ. ತಕ್ಕಡಿಯಲ್ಲಿ ಎರಡು ದಿನ ತೂಗಿದರೆ ಸಾಕು, ಮೂರನೆಯ ದಿನ ಕಣ್ಣಳತೆ ಕೂಡುತ್ತದೆ. ಬರೀ ಸೊಪ್ಪು, ಸೌತೆಕಾಯಿ ತಿಂದು ಮಲಗುವುದು ದೊಡ್ಡ ತಪ್ಪು. ಹೊಟ್ಟೆ ಉಬ್ಬುತ್ತದೆಯೇ ಹೊರತು ಶಕ್ತಿ ಸಿಗುವುದಿಲ್ಲ. ಪಿಷ್ಟವನ್ನು ಪೂರ್ತಿ ಬಿಡುವುದನ್ನೂ ನಾವು ಒಪ್ಪುವುದಿಲ್ಲ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಲೆಕ್ಕ ಬದಲಿಸಬಾರದು. ರಾತ್ರಿ ಬೆವರು, ನಡುಕದೊಂದಿಗೆ ಎಚ್ಚರವಾದರೆ ಸಕ್ಕರೆ ಪರೀಕ್ಷಿಸಿ. ಅದು 70ಕ್ಕಿಂತ (ಮಿ.ಗ್ರಾಂ/ಡೆಸಿಲೀಟರ್) ಕೆಳಗಿದ್ದರೆ ತಕ್ಷಣ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 15 ನಿಮಿಷದ ಮೇಲೆ ಮತ್ತೆ ನೋಡಿ.

4. ಊಟಕ್ಕೂ ಹಾಸಿಗೆಗೂ ನಡುವೆ ಮೂರು ಗಂಟೆ ಬಿಡಿ. ನಿದ್ದೆಗೆ ಜಾರುವಾಗ ದೇಹದ ಒಳಗಿನ ಶಾಖ ಇಳಿಯಬೇಕು, ಭಾರೀ ಊಟ ಅರಗುವಾಗ ಶಾಖ ಹುಟ್ಟುತ್ತದೆ. ಕರಿದದ್ದು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಮಲಗಿದೊಡನೆ ಹುಳಿತೇಗು ಗಂಟಲಿಗೆ ಬರುತ್ತದೆ. ಕೆಲಸದಿಂದ ಬರುವುದೇ ತಡವೆಂದರೆ ಊಟದ ಅರ್ಧವನ್ನು ಸಂಜೆಯೇ ಮುಗಿಸಿ.

5. ಮಲಗುವಾಗ ನಿಜವಾಗಿ ಹಸಿವಿದ್ದರೆ ಒಂದು ಲೋಟ ಹಾಲು, ಇಲ್ಲವೇ ಒಂದು ಬಾಳೆಹಣ್ಣು. ಹಾಲಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲ ನಿದ್ದೆ ತರಿಸುತ್ತದೆ ಎಂದು ನಂಬಿ ದುಬಾರಿ ‘ನಿದ್ದೆಯ ಪೇಯ’ ಕೊಳ್ಳಬೇಡಿ. ಒಂದು ಲೋಟದಲ್ಲಿ ಅದು ಇರುವುದೇ ಅಲ್ಪ. ಹಾಲಿನ ಉಪಕಾರ ಹಸಿವು ತಣಿಸುವುದರಲ್ಲಿದೆ. ಮದ್ಯ ಬೇಡ: ಬೇಗ ನಿದ್ದೆ ಹತ್ತಿಸಿ, ರಾತ್ರಿಯ ಉತ್ತರಾರ್ಧವನ್ನು ಚೂರುಚೂರು ಮಾಡುತ್ತದೆ.

6. ಆರು ಗಂಟೆಗಿಂತ ಕಡಿಮೆ ಮಲಗುವವರು ಕ್ಯಾಲೊರಿ ಕಡಿತವನ್ನು ಮುಂದೂಡಿ, ಮೊದಲು ನಿದ್ದೆ ಹೆಚ್ಚಿಸಿಕೊಳ್ಳಿ. 2004ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿದವರ ಲೆಪ್ಟಿನ್ ಶೇ 18ರಷ್ಟು ಇಳಿದು, ಘ್ರೆಲಿನ್ ಶೇ 28ರಷ್ಟು ಏರಿತ್ತು. 2022ರ ಮತ್ತೊಂದು ಪ್ರಯೋಗದಲ್ಲಿ ಕಡಿಮೆ ಮಲಗುತ್ತಿದ್ದವರು ದಿನಕ್ಕೆ ಸುಮಾರು ಒಂದು ಗಂಟೆ ಹೆಚ್ಚು ಮಲಗಿದಾಗ, ಯಾವ ಪಥ್ಯವೂ ಇಲ್ಲದೆ ಅವರ ಆಹಾರ ದಿನಕ್ಕೆ ಸುಮಾರು 270 ಕ್ಯಾಲೊರಿ ಇಳಿಯಿತು.

ಇವತ್ತೇ ಮೂರಕ್ಕೆ ಹಸಿದು ಎದ್ದರೆ? ದೀಪ ಹಾಕದೆ, ಅರ್ಧ ಲೋಟ ಹಾಲು ಕುಡಿದು ಮಲಗಿ. ಆ ಹೊತ್ತಿಗೆ ತಟ್ಟೆ ತುಂಬ ತಿನ್ನುವುದು ರೂಢಿಯಾದರೆ ದೇಹ ಅದೇ ಹೊತ್ತಿಗೆ ಕಾಯತೊಡಗುತ್ತದೆ. ಮರುದಿನ ರಾತ್ರಿಯೂಟಕ್ಕೆ ನೂರು ಕ್ಯಾಲೊರಿ ಸೇರಿಸಿ.