ಎಸ್ಥೆಟಿಷಿಯನ್ ಆಗುವುದು ಹೇಗೆ: ಕೈಗಿಂತ ಮೊದಲು ಕಣ್ಣು ಪಳಗಲಿ

ಬ್ಯೂಟಿ ಸ್ಕೂಲಿಗೆ ಸೇರಿದ ಮೊದಲ ವಾರ ಬಹಳ ಮಂದಿಗೆ ಸಪ್ಪೆ ಎನಿಸುತ್ತದೆ. ಕ್ರೀಮು, ಮಸಾಜು, ಮಾಸ್ಕು ಎಂದುಕೊಂಡು ಬಂದವರ ಮುಂದೆ ಚರ್ಮದ ಪದರಗಳ ಚಿತ್ರ, ಬ್ಯಾಕ್ಟೀರಿಯಾ, ಫಂಗಸ್, ಸೋಂಕು ಹರಡುವ ದಾರಿಗಳು. ಆದರೆ ಈ ವೃತ್ತಿಯ ಬೇರು ಇರುವುದು ಅಲ್ಲೇ. ಮುಖಕ್ಕೆ ಏನು ಹಚ್ಚಬೇಕೆಂದು ನಾಲ್ಕು ವಿಡಿಯೊ ನೋಡಿದವರೂ ಹೇಳಿಯಾರು. ಎದುರಿಗೆ ಕೂತ ಮುಖಕ್ಕೆ ಇವತ್ತು ಏನನ್ನು ಹಚ್ಚಬಾರದು ಎಂದು ತಿಳಿಯುವುದಕ್ಕೇ ತರಬೇತಿ ಬೇಕು.

ಕೂದಲು, ಮೇಕಪ್, ಉಗುರು, ಚರ್ಮ ಎಲ್ಲವನ್ನೂ ಒಟ್ಟಿಗೆ ಕಲಿಸುವುದು ಕಾಸ್ಮೆಟಾಲಜಿ ಕೋರ್ಸು. ಎಸ್ಥೆಟಿಷಿಯನ್ ತರಬೇತಿ ಚರ್ಮಕ್ಕೆ ಸೀಮಿತ: ಫೇಶಿಯಲ್, ವ್ಯಾಕ್ಸಿಂಗ್, ಥ್ರೆಡ್ಡಿಂಗ್, ಹುಬ್ಬು–ರೆಪ್ಪೆಗೆ ಬಣ್ಣ, ಮೇಲುಮಟ್ಟದ ಪೀಲ್ (ಆಮ್ಲ ಹಚ್ಚಿ ಚರ್ಮದ ಸತ್ತ ಪದರ ಉದುರಿಸುವುದು), ಒಂದಿಷ್ಟು ಯಂತ್ರಗಳು. ಕಾಯಿಲೆ ಗುರುತಿಸಿ ಹೆಸರಿಡುವುದು, ಔಷಧ ಬರೆಯುವುದು ಚರ್ಮವೈದ್ಯರ ಕೆಲಸ. ಈ ಗೆರೆ ಎಲ್ಲಿದೆ ಎಂಬುದನ್ನು ಸೇರುವ ದಿನವೇ ಮನಸ್ಸಿಗೆ ತಂದುಕೊಂಡರೆ ಮುಂದೆ ಬಹಳ ತೊಂದರೆ ತಪ್ಪುತ್ತದೆ.

ಮೊದಲು ಶಾಲೆ ನೋಡಿ, ಬ್ರೋಷರ್ ಆಮೇಲೆ

ನೀವು ಕೆಲಸ ಮಾಡಬೇಕೆಂದಿರುವ ಜಾಗದ ಕಾನೂನು ಏನು ಕೇಳುತ್ತದೆ ಎಂಬುದು ಮೊದಲ ಪ್ರಶ್ನೆ. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್‌ನಲ್ಲಿ 600 ಗಂಟೆಗಳ ತರಬೇತಿ ಬೇಕು, ಟೆಕ್ಸಾಸ್‌ನಲ್ಲಿ 750. ಕೆಲವು ದೇಶಗಳಲ್ಲಿ ಲೈಸೆನ್ಸ್ ಎಂಬುದೇ ಇಲ್ಲ, ಅಲ್ಲಿ ಮಾನ್ಯತೆ ಪಡೆದ ಸಂಸ್ಥೆಯ ಡಿಪ್ಲೊಮಾವೇ ನಿಮ್ಮ ಗುರುತಿನ ಚೀಟಿ. ಊರು ಬಿಟ್ಟು ಊರಿಗೆ ಹೋಗುವ ಯೋಚನೆ ಇರುವವರು ಸಿಡೆಸ್ಕೊ, ಐಟೆಕ್‌ನಂಥ ಅಂತರರಾಷ್ಟ್ರೀಯ ಡಿಪ್ಲೊಮಾಗಳನ್ನು ವಿಚಾರಿಸಬೇಕು. ಸಿಡೆಸ್ಕೊ 1946ರಲ್ಲಿ ಶುರುವಾದ ಸಂಸ್ಥೆ, ಹಲವು ದೇಶಗಳ ಸಲೂನ್–ಸ್ಪಾಗಳಲ್ಲಿ ಅದರ ಹೆಸರಿಗೆ ಬೆಲೆಯಿದೆ.

ಆಮೇಲೆ ಶಾಲೆಗೆ ಹೋಗಿ, ತರಗತಿ ನಡೆಯುವಾಗಲೇ ಒಳಗೆ ಬಿಡುವಂತೆ ಕೇಳಿ. ಬಿಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ. ಒಳಗೆ ಹೋದಾಗ ಗೋಡೆಯ ಬಣ್ಣ, ಕನ್ನಡಿಯ ದೀಪ ನೋಡಬೇಡಿ. ಕೈ ತೊಳೆಯುವ ಸಿಂಕ್ ಎಲ್ಲಿದೆ, ಬಳಸಿದ ಟವೆಲ್ ಎಲ್ಲಿಗೆ ಬೀಳುತ್ತಿದೆ, ವ್ಯಾಕ್ಸ್ ಪಾತ್ರೆಯ ಅಂಚು ಹೇಗಿದೆ ಎಂದು ನೋಡಿ. ಅಂಚಿನಲ್ಲಿ ಕೂದಲು ಅಂಟಿದ್ದರೆ ಅಲ್ಲಿ ಕಲಿಸುತ್ತಿರುವುದು ಏನೆಂದು ತಿಳಿಯಿತು. ಕೋರ್ಸ್ ಮುಗಿಯುವ ಹೊತ್ತಿಗೆ ಒಬ್ಬ ವಿದ್ಯಾರ್ಥಿಗೆ ಎಷ್ಟು ಹೊರಗಿನ ಕ್ಲೈಂಟ್‌ಗಳು ಸಿಗುತ್ತಾರೆ ಎಂದು ಕೇಳಿ. ಸಹಪಾಠಿಗಳ ಮುಖವನ್ನೇ ತಿರುಗಿಸಿ ಮುರುಗಿಸಿ ಅಭ್ಯಾಸ ಮಾಡಿದವರು ಇಪ್ಪತ್ತರ ಹರೆಯದ ನಾಲ್ಕಾರು ಮುಖಗಳನ್ನಷ್ಟೇ ಬಲ್ಲರು. ಅರವತ್ತರ ತೆಳು ಚರ್ಮ, ಗಡ್ಡ ಬೋಳಿಸಿದ ಗಂಡಸಿನ ಕೆನ್ನೆ, ಹದಿಹರೆಯದ ಮೊಡವೆ ಇವೆಲ್ಲ ಕೈಗೆ ಸಿಗದೆ ಹೋದರೆ ಡಿಪ್ಲೊಮಾ ಕಾಗದವಷ್ಟೇ. ಫೀಸಿನಲ್ಲಿ ಕಿಟ್ ಸೇರಿದೆಯೇ, ಆ ಕಿಟ್ ಒಂದೇ ಕಂಪನಿಯ ಉತ್ಪನ್ನಗಳದ್ದೇ ಎಂದೂ ವಿಚಾರಿಸಿ. ಒಂದೇ ಬ್ರ್ಯಾಂಡಿನಲ್ಲಿ ಕಲಿತವರು ಬಾಟಲಿಯ ಬಣ್ಣ ನೋಡಿ ಕೆಲಸ ಮಾಡುತ್ತಾರೆ, ಒಳಗಿರುವ ಪದಾರ್ಥ ನೋಡಿ ಅಲ್ಲ.

ಚರ್ಮದ ಪಾಠ: ಬಾಯಿಪಾಠ ಸಾಲದು

ಮೇಲ್ಪದರ ಎಪಿಡರ್ಮಿಸ್, ಅದರಡಿಯ ಡರ್ಮಿಸ್, ಅದರ ಕೆಳಗಿನ ಕೊಬ್ಬಿನ ಪದರ. ಎಪಿಡರ್ಮಿಸ್‌ನ ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಯೌವನದಲ್ಲಿ ಸುಮಾರು 28 ದಿನ, ವಯಸ್ಸಾದಂತೆ ಇನ್ನೂ ಹೆಚ್ಚು. ಇದನ್ನು ಪರೀಕ್ಷೆಗೆಂದು ಉರು ಹೊಡೆಯುವವರೇ ಜಾಸ್ತಿ. ಆದರೆ ಫೇಶಿಯಲ್‌ಗಳ ನಡುವೆ ನಾಲ್ಕು ವಾರ ಬಿಡಿ ಎನ್ನುವುದರ ಹಿಂದೆ, ಕಲೆ ತಿಳಿಯಾಗಲು ತಿಂಗಳುಗಟ್ಟಲೆ ಬೇಕು ಎನ್ನುವುದರ ಹಿಂದೆ ಇರುವುದು ಇದೇ ಲೆಕ್ಕ. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ (ಆಮ್ಲ–ಕ್ಷಾರದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5ರ ಆಸುಪಾಸು. ಬಟ್ಟೆ ಸೋಪಿನಂಥ ಕ್ಷಾರದಿಂದ ಉಜ್ಜಿದರೆ ಮುಖ ಬಿಗಿದುಕೊಂಡು ಉರಿಯುವುದೇಕೆ ಎಂಬುದಕ್ಕೆ ಉತ್ತರ ಅಲ್ಲಿದೆ.

ಹಾರ್ವರ್ಡ್‌ನ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ ಒಂದು ವಿಂಗಡಣೆ ಮಾಡಿದರು. ಈಗ ಬಳಕೆಯಲ್ಲಿರುವ ಅದರ ರೂಪದಲ್ಲಿ ಆರು ವಿಧಗಳಿವೆ. ನಾಲ್ಕರಿಂದ ಆರನೆಯ ವಿಧದ, ಅಂದರೆ ಗೋಧಿ ಬಣ್ಣದಿಂದ ಕಡುಗಪ್ಪಿನವರೆಗಿನ ಚರ್ಮದಲ್ಲಿ ಸಣ್ಣ ಗಾಯ, ಸುಟ್ಟ ಗುರುತು, ಜೋರಾಗಿ ಹಿಸುಕಿದ ಮೊಡವೆ ಕೂಡ ಕಪ್ಪು ಕಲೆಯಾಗಿ ಉಳಿದುಬಿಡುತ್ತದೆ. ಪಠ್ಯಗಳು 'ಕೆಂಪಾದರೆ ನಿಲ್ಲಿಸಿ' ಎನ್ನುತ್ತವೆ. ಕಪ್ಪು ಚರ್ಮದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಕಂದು ಇಲ್ಲವೇ ನೇರಳೆ ಛಾಯೆ ಬರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಬೆರಳ ಹಿಂಬದಿಯಿಂದ ಬಿಸಿ ಮುಟ್ಟಿ ನೋಡಬೇಕು, ಉರಿಯುತ್ತಿದೆಯೇ ಎಂದು ಕೇಳಬೇಕು. ನಿಮ್ಮ ಶಾಲೆ ಇದನ್ನು ಹೇಳಿಕೊಡದಿದ್ದರೆ ನೀವೇ ಕೇಳಿ ಕಲಿಯಿರಿ.

ಶುಚಿಯ ಮೂರು ಮೆಟ್ಟಿಲು

ಸೋಪುನೀರಿನಲ್ಲಿ ತೊಳೆಯುವುದು ಒಂದು, ಸೋಂಕುನಾಶಕದಲ್ಲಿ ಮುಳುಗಿಸುವುದು ಇನ್ನೊಂದು, ಸ್ಟೆರಿಲೈಸ್ ಮಾಡುವುದು, ಅಂದರೆ ಒಂದು ಸೂಕ್ಷ್ಮಜೀವಿಯೂ ಉಳಿಯದಂತೆ ಕೊಲ್ಲುವುದು ಮತ್ತೊಂದು. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರುವಂತಿಲ್ಲ. ಜಿಡ್ಡು ಮೆತ್ತಿದ ಟ್ವೀಜರ್‌ಗೆ ದ್ರಾವಣ ತಾಗುವುದೇ ಇಲ್ಲ. ಮುಳುಗಿಸಿಡುವ ಹೊತ್ತು ಲೇಬಲ್ಲಿನ ಮೇಲಿರುತ್ತದೆ, ಬಹಳಷ್ಟಕ್ಕೆ 10 ನಿಮಿಷ. ಸಲೂನ್ ಟೇಬಲ್ ಮೇಲಿನ ಗಾಜಿನ ಜಾರಿನಲ್ಲಿ ಕಾಣುವ ನೀಲಿ ದ್ರಾವಣ ಬಾರ್ಬಿಸೈಡ್ 1940ರ ದಶಕದಿಂದ ಇದೆ, ಆದರೂ ಅದರಲ್ಲಿ ಅದ್ದಿ ತಕ್ಷಣ ತೆಗೆಯುವ ಕೈಗಳಿಗೇನೂ ಕಮ್ಮಿಯಿಲ್ಲ. ರಕ್ತ ತಾಗಬಹುದಾದ ಲೋಹದ ಉಪಕರಣಗಳಿಗೆ ಆಟೋಕ್ಲೇವ್ (ಒತ್ತಡದ ಹಬೆಯ ಪಾತ್ರೆ): 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 15 ನಿಮಿಷ. ನೀಲಿ ದೀಪ ಹಚ್ಚಿದ ಯುವಿ ಪೆಟ್ಟಿಗೆಯೊಂದನ್ನೇ ನಂಬಿ ಕೂರುವುದನ್ನು ನಾನು ಒಪ್ಪುವುದಿಲ್ಲ. ಉಪಕರಣದ ಬೆಳಕು ಬಿದ್ದ ಬದಿಗಷ್ಟೇ ಅದರ ಕೆಲಸ; ಶುಚಿಯಾದದ್ದನ್ನು ಧೂಳು ಬೀಳದಂತೆ ಇಡಲು ಅದು ಸರಿ.

ಕ್ಲೈಂಟ್ ಕೂತ ಮೇಲಿನ ಹತ್ತು ನಿಮಿಷ

ಇಡೀ ಕೋರ್ಸಿನಲ್ಲಿ ಅತಿ ಕಡಿಮೆ ಗಮನ ಪಡೆಯುವುದೂ ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ. 'ಏನಾದರೂ ಮಾತ್ರೆ ತಗೊಳ್ತಿದ್ದೀರಾ?' ಎಂದರೆ ಹತ್ತರಲ್ಲಿ ಒಂಬತ್ತು ಮಂದಿ 'ಏನಿಲ್ಲಪ್ಪ' ಎನ್ನುತ್ತಾರೆ. ಸುಳ್ಳಲ್ಲ, ಅವರ ಲೆಕ್ಕದಲ್ಲಿ ಮಾತ್ರೆ ಎಂದರೆ ಬಿಪಿ, ಶುಗರ್. ಆದ್ದರಿಂದ ಪ್ರಶ್ನೆ ಬಿಡಿಸಿ ಕೇಳಬೇಕು: 'ಮೊಡವೆಗೆ ಡಾಕ್ಟರು ಏನಾದರೂ ಕೊಟ್ಟಿದ್ದರಾ? ಹೋದ ಆರು ತಿಂಗಳಲ್ಲಿ? ರಾತ್ರಿ ಮಲಗುವಾಗ ಏನು ಹಚ್ಕೋತೀರಿ? ಆ ಟ್ಯೂಬ್ ಫೋಟೋ ಇದೆಯಾ?'

ಕೇಳುತ್ತಲೇ ಮುಖ ನೋಡಿ. ತುಟಿ ಒಡೆದು ಸಿಪ್ಪೆ ಎದ್ದಿದೆಯೇ? ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ತಿನ್ನುವವರಲ್ಲಿ ಹೆಚ್ಚುಕಡಿಮೆ ಎಲ್ಲರ ತುಟಿಯೂ ಹಾಗೇ ಒಣಗುತ್ತದೆ. ಆ ಮಾತ್ರೆ ನಡೆಯುತ್ತಿರುವಾಗಲೂ ನಿಲ್ಲಿಸಿದ ಮೇಲೆ ಕನಿಷ್ಠ ಆರು ತಿಂಗಳೂ ವ್ಯಾಕ್ಸಿಂಗ್ ಮಾಡುವಂತಿಲ್ಲ, ಪಟ್ಟಿಯ ಜೊತೆ ಚರ್ಮವೇ ಕಿತ್ತು ಬರಬಹುದು. ಮೊಡವೆಗೆ ಕೊಡುವ ಟ್ರೆಟಿನಾಯಿನ್, ಅಡಾಪಲೀನ್‌ನಂಥ ಕ್ರೀಮು ಹಚ್ಚುವವರಿಗೂ ಮುಖಕ್ಕೆ ವ್ಯಾಕ್ಸ್ ಬೇಡ. ತುಟಿಯಂಚಿನಲ್ಲಿ ನೀರುಗುಳ್ಳೆ, ಜೇನಿನ ಬಣ್ಣದ ಹಕ್ಕಳೆ, ಉಂಗುರದಂತೆ ಹರಡಿದ ತುರಿಕೆ ಕಂಡರೆ ಅಂದಿನ ಸರ್ವಿಸ್ ಅಲ್ಲಿಗೇ ನಿಂತಿತು. ಮಚ್ಚೆಯೊಂದು ಅಂಕುಡೊಂಕಾಗಿ, ಎರಡು ಮೂರು ಬಣ್ಣವಾಗಿ, 6 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ ಅಥವಾ ಈಚೆಗೆ ಬದಲಾಗುತ್ತಿದ್ದರೆ 'ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ' ಎಂದಷ್ಟೇ ಹೇಳಿ. ಅದು ಏನಿರಬಹುದು ಎಂಬ ನಿಮ್ಮ ಊಹೆಯನ್ನು ನುಂಗಿಕೊಳ್ಳಿ.

ಹುಬ್ಬು, ರೆಪ್ಪೆಗೂದಲಿಗೆ ಬಣ್ಣ ಹಾಕುವುದಿದ್ದರೆ 24ರಿಂದ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಬದಿಯಲ್ಲಿ ಪ್ಯಾಚ್ ಟೆಸ್ಟ್, ಅಂದರೆ ಸ್ವಲ್ಪ ಬಣ್ಣ ಹಚ್ಚಿ ಅಲರ್ಜಿ ಆಗುತ್ತದೆಯೇ ಎಂದು ನೋಡುವುದು. ಹೋದ ಸಲ ಏನೂ ಆಗಿರಲಿಲ್ಲ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಅಲರ್ಜಿ ಎಷ್ಟನೆಯ ಸಲ ಬೇಕಾದರೂ ತಲೆಯೆತ್ತುತ್ತದೆ. ಎಲ್ಲವನ್ನೂ ಕಾರ್ಡಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.

ಕೈಕೆಲಸ

ಫೇಶಿಯಲ್ಲಿನ ಕ್ರಮ ಎಲ್ಲ ಕಡೆ ಬಹುತೇಕ ಒಂದೇ: ಕ್ಲೆನ್ಸಿಂಗ್, ಚರ್ಮ ಪರಿಶೀಲನೆ, ಸ್ಕ್ರಬ್ ಅಥವಾ ಎನ್‌ಜೈಮ್, ಸ್ಟೀಮ್, ಬ್ಲ್ಯಾಕ್‌ಹೆಡ್ ತೆಗೆಯುವುದು, ಮಸಾಜ್, ಮಾಸ್ಕ್, ಟೋನರ್, ಮಾಯಿಶ್ಚರೈಸರ್, ಹಗಲಾದರೆ ಸನ್‌ಸ್ಕ್ರೀನ್. ಸ್ಟೀಮರ್ ಮೂತಿ ಮುಖದಿಂದ ಸುಮಾರು 40 ಸೆಂಟಿಮೀಟರ್ ದೂರ. ಮೊದಲ ಹಬೆ ಹೊರಬಂದ ಮೇಲಷ್ಟೇ ಅದನ್ನು ಮುಖದ ಕಡೆ ತಿರುಗಿಸಿ, ಕೆಲವೊಮ್ಮೆ ಅದು ಕುದಿನೀರು ಉಗುಳುತ್ತದೆ. ಮಸಾಜಿನಲ್ಲಿ ಸವರುವುದು, ನಾದುವುದು, ಉಜ್ಜುವುದು, ತಟ್ಟುವುದು, ಕಂಪಿಸುವುದು ಎಂದು ಐದು ಬಗೆ. ಇವುಗಳಲ್ಲಿ ಕೈ ಕೂರಲು ತಿಂಗಳುಗಳೇ ಬೇಕು. ಶುರುವಾದ ಮೇಲೆ ಮುಗಿಯುವವರೆಗೆ ಎರಡೂ ಕೈ ಒಟ್ಟಿಗೆ ಮುಖ ಬಿಡಬಾರದು ಎಂಬುದು ಒಂದೇ ನಿಯಮ.

ಮೂಗಿನ ಮೇಲೆ ಕಾಣುವ ಬೂದುಬಣ್ಣದ ಸಣ್ಣ ಚುಕ್ಕೆಗಳಲ್ಲಿ ಹೆಚ್ಚಿನವು ಬ್ಲ್ಯಾಕ್‌ಹೆಡ್ ಅಲ್ಲವೇ ಅಲ್ಲ, ರಂಧ್ರದೊಳಗೆ ಸಹಜವಾಗಿಯೇ ಇರುವ ಜಿಡ್ಡಿನ ಎಳೆಗಳು. ಹಿಸುಕಿದರೆ ಬರುತ್ತವೆ, ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ, ಗುರುತು ಮಾತ್ರ ಉಳಿಯುತ್ತದೆ. ಹೊಸಬರ ಕೈ ಮೊದಲು ಹೋಗುವುದು ಅಲ್ಲಿಗೇ. ನಿಜವಾದ ಬ್ಲ್ಯಾಕ್‌ಹೆಡ್‌ಗೆ ಗ್ಲೌಸ್ ಹಾಕಿ, ಬೆರಳಿಗೆ ಒದ್ದೆ ಹತ್ತಿ ಸುತ್ತಿ, ಎರಡೂ ಬದಿಯಿಂದ ಮೊದಲು ಕೆಳಕ್ಕೆ, ಆಮೇಲೆ ಒಳಕ್ಕೆ ಒತ್ತಬೇಕು. ಎರಡು ಸಲಕ್ಕೆ ಬರಲಿಲ್ಲವೇ, ಬಿಟ್ಟುಬಿಡಿ. ಕೆಂಪಗೆ ಊದಿ ನೋಯುವ ಗಂಟಿನಂಥ ಮೊಡವೆಯನ್ನು ಮುಟ್ಟಲೇಬೇಡಿ.

ವ್ಯಾಕ್ಸಿಂಗ್ ನೋಡಲು ಸುಲಭ. ಚರ್ಮ ಒರೆಸಿ ಒಣಗಿಸಿ ತೆಳುವಾಗಿ ಪೌಡರ್ ಹಾಕಿ. ಸ್ಪ್ಯಾಚುಲಾದಲ್ಲಿ ವ್ಯಾಕ್ಸ್ ತೆಗೆದು ನಿಮ್ಮ ಮಣಿಕಟ್ಟಿನ ಒಳಬದಿಗೆ ಒಂದು ಹನಿ, ಬೆಚ್ಚಗಿರಬೇಕು, ಚುರುಕ್ ಎನ್ನಬಾರದು. ಕೂದಲು ಬೆಳೆಯುವ ದಿಕ್ಕಿಗೆ ದೋಸೆಯ ಅಂಚಿನಷ್ಟು ತೆಳುವಾಗಿ ಸವರಿ, ಪಟ್ಟಿ ಒತ್ತಿ, ಇನ್ನೊಂದು ಕೈಯಿಂದ ಚರ್ಮ ಬಿಗಿಹಿಡಿಯಿರಿ. ಎಳೆಯುವುದು ಕೂದಲಿನ ವಿರುದ್ಧ ದಿಕ್ಕಿಗೆ, ಚರ್ಮಕ್ಕೆ ಸಮಾನಾಂತರವಾಗಿ, ಒಂದೇ ಉಸಿರಿಗೆ. ಮೇಲಕ್ಕೆ ಎತ್ತಿದರೆ ನೋವೂ ಹೆಚ್ಚು, ಕೂದಲೂ ನಡುವೆ ತುಂಡಾಗುತ್ತದೆ, ರಕ್ತ ಹೆಪ್ಪುಗಟ್ಟಿದ ಗುರುತೂ ಬೀಳಬಹುದು. ಎಳೆದ ಕ್ಷಣವೇ ಅಂಗೈ ಒತ್ತಿ ಹಿಡಿದರೆ ಅರ್ಧ ಉರಿ ಅಲ್ಲೇ ಇಳಿಯುತ್ತದೆ. ಕಂಕುಳಲ್ಲಿ ಕೂದಲು ಒಂದೇ ದಿಕ್ಕಿಗಿರುವುದಿಲ್ಲ, ಅಲ್ಲಿ ಭಾಗ ಮಾಡಿಕೊಂಡೇ ಕೆಲಸ ಮಾಡಬೇಕು. ಚರ್ಮಕ್ಕೆ ತಾಗಿದ ಸ್ಪ್ಯಾಚುಲಾ ಮತ್ತೆ ಪಾತ್ರೆಗೆ ಇಳಿಯುವಂತಿಲ್ಲ. ಇದನ್ನು ದುಂದು ಎಂದು ಗೊಣಗುವ ಸಲೂನುಗಳಿವೆ, ಅಂಥಲ್ಲಿ ಕೆಲಸಕ್ಕೆ ಸೇರಬೇಡಿ.

ಪೀಲ್ ಮತ್ತು ಯಂತ್ರಗಳು

ಗ್ಲೈಕಾಲಿಕ್, ಲ್ಯಾಕ್ಟಿಕ್ ಆಮ್ಲಗಳ ಬಗ್ಗೆ ಅಮೆರಿಕದ ಕಾಸ್ಮೆಟಿಕ್ ಪದಾರ್ಥಗಳ ಪರಿಶೀಲನಾ ಸಮಿತಿ 1998ರಲ್ಲಿ ಇಟ್ಟ ಮಿತಿ ಇಂದಿಗೂ ಕಲಿಕೆಗೆ ಒಳ್ಳೆಯ ಅಳತೆಗೋಲು: ಮನೆಬಳಕೆಗೆ ಶೇ 10ರವರೆಗೆ, ಪಿಎಚ್ 3.5ಕ್ಕಿಂತ ಕೆಳಗಿಳಿಯದಂತೆ, ತರಬೇತಾದವರು ಸಲೂನಿನಲ್ಲಿ ಸ್ವಲ್ಪ ಹೊತ್ತು ಹಚ್ಚಿ ತೊಳೆಯಲು ಶೇ 30ರವರೆಗೆ, ಪಿಎಚ್ 3.0ಕ್ಕಿಂತ ಕೆಳಗಿಳಿಯದಂತೆ, ಆಮೇಲೆ ದಿನವೂ ಬಿಸಿಲಿನಿಂದ ರಕ್ಷಣೆ. ಶೇಕಡಾವಾರು ಎಷ್ಟೇ ಇರಲಿ, ಪಿಎಚ್ ಕೇಳದೆ ಬಾಟಲಿ ತೆರೆಯಬೇಡಿ. ಅದೇ ಶೇ 30 ಪಿಎಚ್ ಇಳಿದಂತೆ ಇನ್ನಷ್ಟು ಕಚ್ಚುತ್ತದೆ.

ಚರ್ಮಕ್ಕೆ ಸಣ್ಣ ವಿದ್ಯುತ್ ಹಾಯಿಸುವ ಹೈ ಫ್ರೀಕ್ವೆನ್ಸಿ, ಗ್ಯಾಲ್ವನಿಕ್ ಯಂತ್ರ ಹಿಡಿಯುವ ಮೊದಲು ಪೇಸ್‌ಮೇಕರ್ ಇದೆಯೇ, ಗರ್ಭಿಣಿಯೇ, ಮೂರ್ಛೆ ರೋಗ ಇದೆಯೇ ಎಂದು ಕೇಳಲೇಬೇಕು. ಲೇಸರ್, ಮೈಕ್ರೊನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವುದು) ಹಲವೆಡೆ ಎಸ್ಥೆಟಿಷಿಯನ್ ವ್ಯಾಪ್ತಿಯ ಹೊರಗೇ ಇವೆ. 'ಎರಡು ದಿನದಲ್ಲಿ ಸರ್ಟಿಫಿಕೇಟ್' ಎನ್ನುವ ಯಂತ್ರ ಮಾರಾಟಗಾರರ ಕೋರ್ಸಿಗೆ ದುಡ್ಡು ಸುರಿಯುವ ಮೊದಲು ಸ್ಥಳೀಯ ನಿಯಮ ಓದಿ.

ಪರೀಕ್ಷೆ, ಆಮೇಲೆ ಕೆಲಸ

ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಹೋಗುವುದು ಮಸಾಜ್ ಚೆನ್ನಾಗಿಲ್ಲ ಎಂದಲ್ಲ. ಕೈ ತೊಳೆಯದೆ ಮುಖ ಮುಟ್ಟಿದ್ದಕ್ಕೆ, ನೆಲಕ್ಕೆ ಬಿದ್ದ ಬ್ರಷ್ ಎತ್ತಿ ಮತ್ತೆ ಬಳಸಿದ್ದಕ್ಕೆ, ಬಾಟಲಿಗೆ ಲೇಬಲ್ ಇಲ್ಲದ್ದಕ್ಕೆ. ಟ್ರಾಲಿ ಜೋಡಿಸುವುದನ್ನು ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡಿ. ಸ್ಟೂಲಿನ ಎತ್ತರವನ್ನೂ ಈಗಲೇ ಸರಿಮಾಡಿಕೊಳ್ಳಿ: ಬಗ್ಗಿ ಕೆಲಸ ಮಾಡುವ ಅಭ್ಯಾಸ ಬಿದ್ದರೆ ಸೊಂಟ, ಕುತ್ತಿಗೆ, ಹೆಬ್ಬೆರಳ ಬುಡ ಬೇಗ ಕೈಕೊಡುತ್ತವೆ. ಪದೇಪದೇ ನೀರಿಗಿಳಿಯುವ ಕೈಗೂ ಕ್ರೀಮು ಬೇಕು, ಬಿರುಕುಬಿಟ್ಟ ಬೆರಳು ಸೋಂಕಿಗೆ ತೆರೆದ ಬಾಗಿಲು.

ಮೊದಲ ಕೆಲಸಕ್ಕೆ ಹೋದಾಗ ಸಾಮಾನ್ಯವಾಗಿ ಅಲ್ಲಿನವರ ಮುಖಕ್ಕೇ ಒಂದು ಫೇಶಿಯಲ್ ಮಾಡಿ ತೋರಿಸಲು ಹೇಳುತ್ತಾರೆ. ಅವರನ್ನೂ ಕ್ಲೈಂಟ್ ಎಂದೇ ಕೂರಿಸಿ ಪ್ರಶ್ನೆ ಕೇಳಿ, ಕಾರ್ಡ್ ಬರೆಯಿರಿ. ನೀವೂ ಎರಡು ಪ್ರಶ್ನೆ ಕೇಳಬೇಕು: ಸಂಬಳದಲ್ಲಿ ಉತ್ಪನ್ನ ಮಾರಾಟದ ಕಮಿಷನ್ ಪಾಲೆಷ್ಟು, ಮತ್ತು ಚರ್ಮ ನೋಡಿ ನಾನು ಸರ್ವಿಸ್ ಬೇಡವೆಂದರೆ ಆ ದಿನದ ಲೆಕ್ಕ ಹೇಗೆ. ಎರಡನೆಯದಕ್ಕೆ ಮಾಲೀಕರು ತಡವರಿಸಿದರೆ ಇನ್ನೊಂದು ಸಲೂನ್ ನೋಡಿ.