ಕಾಡುಹಂದಿಗೆಂದು ಕ್ರಾಸ್‌ಬೋ ಕೊಳ್ಳುವ ಮುನ್ನ: ಮಲೆನಾಡಿನ ಕೃಷಿಕರಿಗೊಂದು ಮಾರ್ಗದರ್ಶಿ

ಭತ್ತ ಹಾಲುಗಾಳಾಗುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಾಡಂಚಿನ ಗದ್ದೆಗಳಿಗೆ ಹಂದಿಯ ಹಿಂಡು ಇಳಿಯುವುದು ಹಿಂದಿನಿಂದಲೂ ಇದ್ದದ್ದೇ. ಈಚೆಗೆ ಅಮೆರಿಕದ ಬೇಟೆಯ ವಿಡಿಯೊಗಳನ್ನು ನೋಡಿದ ನಮ್ಮ ಯುವಕರು, ಕೋವಿಯಂತೆ ಸದ್ದು ಮಾಡದ ಕ್ರಾಸ್‌ಬೋ (ಕೋವಿಯಂಥ ಹಿಡಿಕೆಗೆ ಅಡ್ಡಲಾಗಿ ಜೋಡಿಸಿದ ಬಿಲ್ಲು) ಒಂದನ್ನು ತರಿಸಿಕೊಂಡರೆ ಆಗದೇ ಎಂದು ಕೇಳತೊಡಗಿದ್ದಾರೆ. ಆಗದು. ಏಕೆ ಆಗದು, ಅದರ ಬದಲು ಬೆಳೆ ಉಳಿಸಿಕೊಳ್ಳಲು ಏನೇನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಆ ವಿಡಿಯೊಗಳ ಹಿನ್ನೆಲೆ ತಿಳಿದಿರಲಿ. ಅಮೆರಿಕದ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಪರವಾನಗಿ ಪಡೆಯಬೇಕು, ಕೊಲ್ಲಬಹುದಾದ ಪ್ರಾಣಿಗಳ ಸಂಖ್ಯೆಗೂ ಮಿತಿಯಿದೆ. ಬಿಲ್ಲುಗಾರರಿಗೆಂದು ಅಲ್ಲಿ ಬೇರೆ ಋತುವನ್ನೇ ಗೊತ್ತುಮಾಡಿರುತ್ತಾರೆ. ಪ್ರಾಣಿ ಹತ್ತಿರ ಬರುವವರೆಗೆ ಕಾದು, ಅದರ ಕಣ್ಣೆದುರೇ ಹೆದೆ ಎಳೆದು ಹಿಡಿಯುವ ಕಷ್ಟಕ್ಕೆ ದೊರೆತ ರಿಯಾಯಿತಿ ಅದು. ಕ್ರಾಸ್‌ಬೋದಲ್ಲಾದರೋ ಹೆದೆಯನ್ನು ಮೊದಲೇ ಎಳೆದು ಕೊಕ್ಕೆಗೆ ಸಿಕ್ಕಿಸಿ, ಕೋವಿಯಂತೆ ಗುರಿ ಹಿಡಿದು ಕುದುರೆ (ಟ್ರಿಗರ್) ಎಳೆದರೆ ಸಾಕು. ಹೀಗಾಗಿ ಅದನ್ನು ಬಿಲ್ಲಿನ ಋತುವಿನಲ್ಲಿ ಬಿಡಬೇಕೇ ಎಂಬ ವಾದ ಅಲ್ಲಿ ದಶಕಗಳಿಂದ ನಡೆದಿದೆ. ಒಹಾಯೊ ಬಹಳ ಹಿಂದೆಯೇ ಒಪ್ಪಿಕೊಂಡಿತು, ವಿಸ್ಕಾನ್ಸಿನ್ 2014ರಲ್ಲಿ ಕ್ರಾಸ್‌ಬೋಗೆ ಬೇರೆ ಋತುವನ್ನೇ ತಂದಿತು, ಆರೆಗನ್‌ನಲ್ಲಿ ಬೇಟೆಗೆ ಅದನ್ನು ಬಳಸುವಂತೆಯೇ ಇಲ್ಲ. ಲೆಕ್ಕವಿಟ್ಟು ನಡೆಸುವ ಬೇಟೆಯಲ್ಲಿ ತೋಳಿನ ಶಕ್ತಿ ಕುಂದಿದ ಹಿರಿಯರಿಗೂ ಅಂಗವಿಕಲರಿಗೂ ಅದನ್ನು ಕೊಡುವುದು ನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ನಮ್ಮಲ್ಲಿ ಬೇಟೆಯ ಋತುವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸಿದೆ. ಕೊಲ್ಲುವುದಷ್ಟೇ ಅಲ್ಲ, ಗಾಯಗೊಳಿಸುವುದು, ವಿಷವಿಡುವುದು, ಉರುಳು ಹಾಕುವುದು, ಕೊಲ್ಲಲು ಯತ್ನಿಸುವುದು ಎಲ್ಲವೂ ಅಲ್ಲಿ ಬೇಟೆಯೇ. ಆಯುಧ ಸದ್ದು ಮಾಡಲಿಲ್ಲ ಎಂಬುದು ವಿನಾಯಿತಿಯಾಗುವುದಿಲ್ಲ. ಕೋವಿಗೆ ಲೈಸೆನ್ಸ್ ಇದೆ ಎಂಬುದೂ ಬೇಟೆಯ ಅನುಮತಿಯಾಗುವುದಿಲ್ಲ.

ಕಾನೂನನ್ನು ಬದಿಗಿಟ್ಟು ನೋಡಿದರೂ ನಮ್ಮ ಕಾಡಿಗೆ ಬಾಣ ಒಗ್ಗದು. ಬಾಣ ತಗುಲಿದ ಪ್ರಾಣಿ ಸಾಯುವುದು ರಕ್ತ ಸೋರಿ. ನಿಂತಲ್ಲೇ ಬೀಳುವುದು ಅಪರೂಪ. ಅಮೆರಿಕದ ಬೇಟೆಗಾರರು ಅರ್ಧ ಗಂಟೆಯೋ ಹೆಚ್ಚೋ ಕಾದು, ರಕ್ತದ ಹನಿಗಳ ಜಾಡು ಹಿಡಿದು ಹೋಗುತ್ತಾರೆ. ಮಲೆನಾಡಿನ ಮಳೆಯಲ್ಲಿ ಆ ಜಾಡು ಕ್ಷಣದಲ್ಲಿ ತೊಳೆದುಹೋಗುತ್ತದೆ. ಗಂಡುಹಂದಿಯ ಭುಜದ ಮೇಲೆ ದಪ್ಪನೆಯ ಗಡಸು ಪದರವಿರುವುದರಿಂದ ಬಾಣ ಅರೆಬರೆ ನಾಟುವ ಸಂಭವವೂ ಹೆಚ್ಚು. ಹಾಗೆ ಗಾಯಗೊಂಡು ಪೊದೆ ಸೇರಿದ ಹಂದಿ ಮರುದಿನ ಬೆಳಿಗ್ಗೆ ಸೊಪ್ಪಿನಬೆಟ್ಟಕ್ಕೆ ದರಕು (ಒಣಗಿದ ಎಲೆ) ಗುಡಿಸಲು ಹೋದ ಹೆಂಗಸರ ಮೇಲೆ ಎರಗಬಹುದು. ಈ ಒಂದು ಕಾರಣವೇ ಸಾಕೆಂದು ನಾನು ಭಾವಿಸುತ್ತೇನೆ.

ಇನ್ನು ಮಾಡಬೇಕಾದದ್ದು. ಮೊದಲಿಗೆ, ಬೆಳೆ ಹಾಳುಮಾಡಿದ ಪ್ರಾಣಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಹಂದಿ ಮೂತಿಯಿಂದ ನೆಲವನ್ನು ಉತ್ತ ಹಾಗೆ ಮಾಡಿರುತ್ತದೆ. ಮೆತ್ತನೆಯ ಕೆಸರಿನಲ್ಲಿ ಎರಡು ಗೊರಸಿನ ಗುರುತಿನ ಹಿಂದೆ, ತುಸು ಹೊರಗೆ, ಚಿಕ್ಕ ಗೊರಸುಗಳ ಎರಡು ಚುಕ್ಕಿಗಳೂ ಮೂಡಿರುತ್ತವೆ. ಇದನ್ನು ಗುರುತಿಸುವುದು ಮುಖ್ಯ, ಏಕೆಂದರೆ 2022ರ ತಿದ್ದುಪಡಿಯ ನಂತರ ಕಾಡುಹಂದಿಯು ಈ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ (ಪ್ರಾಣಿಗಳ ಪಟ್ಟಿಯಲ್ಲಿ) ಇದೆ, ಕಾಟಿ (ಕಾಡುಕೋಣ) ಮತ್ತು ಆನೆ ಮೊದಲನೆಯದರಲ್ಲಿವೆ. ಎರಡನೇ ಅನುಸೂಚಿಯ ಪ್ರಾಣಿ ಬೆಳೆಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರಿಂದ ಅಧಿಕಾರ ಪಡೆದ ಅಧಿಕಾರಿಯೋ 11ನೇ ಕಲಂ ಅಡಿಯಲ್ಲಿ, ಕಾರಣ ಬರೆದು, ಅದನ್ನು ಕೊಲ್ಲಲು ಲಿಖಿತ ಅನುಮತಿ ಕೊಡಬಹುದು. ಮೊದಲನೇ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಬೆಳೆ ನಷ್ಟ ಅಂಥ ಅನುಮತಿಗೆ ಕಾರಣವೇ ಆಗುವುದಿಲ್ಲ. ಕೇರಳ ಸರ್ಕಾರ 2022ರಲ್ಲಿ ಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೂ ವಹಿಸಿತು; ಅಲ್ಲಿಯ ಆದೇಶವನ್ನು ತೋರಿಸಿ ಇಲ್ಲಿ ಯಾರೂ ಗುಂಡು ಹಾರಿಸುವಂತಿಲ್ಲ.

ಅನುಮತಿ ಕೇಳುವುದಾದರೆ ಒಬ್ಬೊಬ್ಬರೇ ಹೋಗುವುದಕ್ಕಿಂತ ಊರಿನವರೆಲ್ಲ ಸೇರಿ, ಸರ್ವೆ ನಂಬರು, ಹಾನಿಯಾದ ದಿನಾಂಕಗಳು ಮತ್ತು ಫೋಟೊಗಳ ಸಮೇತ ವಲಯ ಅರಣ್ಯಾಧಿಕಾರಿಗಳ ಮೂಲಕ ಲಿಖಿತ ಮನವಿ ಸಲ್ಲಿಸುವುದು ಒಳ್ಳೆಯದು. ಅನುಮತಿ ಸಿಕ್ಕರೂ ಆದೇಶದಲ್ಲಿ ಹೇಳಿದ ಜಾಗ ಮತ್ತು ಷರತ್ತುಗಳನ್ನು ಮೀರಬಾರದು. ಅನುಮತಿಯಿಲ್ಲದೆ ಹಂದಿಯನ್ನು ಕೊಂದದ್ದು ಸಾಬೀತಾದರೆ ಮೂರು ವರ್ಷಗಳವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ನಿಜವಾಗಿ ಫಲ ಕೊಡುವುದು ಬೇಲಿ. ನಮ್ಮವರು ಐಬೆಕ್ಸ್ ಎಂದೇ ಕರೆಯುವ ಸೌರಬೇಲಿಯನ್ನು ಹಂದಿಗಾಗಿ ಹಾಕುವಾಗ ಆನೆಯ ಬೇಲಿಯ ಅಳತೆಯನ್ನು ಅನುಸರಿಸಬೇಡಿ. ಹಂದಿ ಬೇಲಿ ಹಾರುವುದಕ್ಕಿಂತ ಅಡಿಯಿಂದ ನುಗ್ಗುವುದೇ ಹೆಚ್ಚು. ಆದ್ದರಿಂದ ಅತ್ಯಂತ ಕೆಳಗಿನ ತಂತಿ ನೆಲದಿಂದ ಸುಮಾರು ಅರ್ಧ ಅಡಿ ಎತ್ತರದಲ್ಲಿರಬೇಕು, ಎರಡನೆಯದು ಒಂದು ಅಡಿಯ ಆಸುಪಾಸಿನಲ್ಲಿರಬೇಕು. ಅದರ ಒದ್ದೆಮೂತಿಗೆ ಮೊದಲ ಏಟು ಬೀಳಬೇಕಾದದ್ದು ಅಲ್ಲಿಯೇ. ನೆಲ ತಗ್ಗಾದ ಕಡೆ, ನೀರು ಹರಿಯುವ ಕಾಲುವೆಯ ಕಡೆ ತಂತಿಯ ಕೆಳಗೆ ಸಂದು ಉಳಿಯದಂತೆ ಮಣ್ಣು ತುಂಬಿ. ಅರ್ಥಿಂಗ್ ಸಲಾಕೆಗಳನ್ನು ಬೇಸಿಗೆಯಲ್ಲೂ ತೇವ ಉಳಿಯುವ ಜಾಗದಲ್ಲಿ ಆಳವಾಗಿ ಹೂಳಿ. ಜಂಬಿಟ್ಟಿಗೆ ನೆಲದಲ್ಲಿ ಮೇಲೆಮೇಲೆ ಹೂತ ಸಲಾಕೆ ಮಾರ್ಚ್ ಹೊತ್ತಿಗೆ ಕೆಲಸ ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಹುಲ್ಲು ಬೆಳೆದು ಕೆಳಗಿನ ತಂತಿಗೆ ತಾಗಿದರೆ ವಿದ್ಯುತ್ತೆಲ್ಲ ಸೋರಿಹೋಗುವುದರಿಂದ ವಾರಕ್ಕೊಮ್ಮೆ ಬೇಲಿಸಾಲನ್ನು ಸವರಲೇಬೇಕು. ಟೆಸ್ಟರ್ ಹಿಡಿದು ಬೇಲಿಯ ಕೊನೆಯ ತುದಿಯಲ್ಲಿ ನೋಡಿ. ಅಲ್ಲಿ 4,000 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಸೋರಿಕೆ ಹುಡುಕಬೇಕು. ಜುಲೈ, ಆಗಸ್ಟ್‌ನಲ್ಲಿ ಬಿಸಿಲೇ ಕಾಣದ ದಿನಗಳಿರುವುದರಿಂದ ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜ್ ಮಾಡುವ ಏರ್ಪಾಡೂ ಇರಲಿ. ಅಗಳ (ಕಂದಕ) ತೆಗೆದಿದ್ದರೆ ಮಳೆ ನಿಂತ ಕೂಡಲೇ ಕುಸಿದ ಮಣ್ಣನ್ನು ಎತ್ತಿಸಿ.

ಸೌರಬೇಲಿಯ ಯಂತ್ರ ಸೆಕೆಂಡಿಗೆ ಸುಮಾರು ಒಂದರಂತೆ, ಕ್ಷಣಮಾತ್ರದ ಏಟು ಕೊಡುತ್ತದೆ; ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಮನೆಯ ಲೈನಿನಿಂದ ನೇರವಾಗಿ ತಂತಿಗೆ ಕೊಟ್ಟ ಕರೆಂಟು ಹಿಡಿದದ್ದನ್ನು ಬಿಡದೆ ಕೊಲ್ಲುತ್ತದೆ, ಅದು ಹಂದಿಯೋ ಹಸುವೋ ನೆರೆಮನೆಯ ಹುಡುಗನೋ ಎಂದು ನೋಡುವುದಿಲ್ಲ. ಯಾರ ಗದ್ದೆಯಲ್ಲಾದರೂ ಹಾಗೆ ಕೊಟ್ಟಿರುವುದು ಕಂಡರೆ ತಂತಿಯನ್ನು ಮುಟ್ಟದೆ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಹಂದಿಗೆಂದು ಇಡುವ ಸಿಡಿಮದ್ದಿನ ಉಂಡೆಗಳ ಬಗ್ಗೆಯೂ ಇದೇ ಮಾತು: ಅದನ್ನು ಮೇಯುವ ದನ ಕಚ್ಚಿದರೂ ದವಡೆ ಸಿಡಿದುಹೋಗುತ್ತದೆ.

ಬೇಲಿಯ ನಂತರವೂ ಹಾನಿಯಾದರೆ ಅರಣ್ಯ ಇಲಾಖೆಯಿಂದ ಪರಿಹಾರಧನ ಕೇಳಬಹುದು. ಹಾನಿ ಕಂಡ ದಿನವೇ ಸಹಾಯವಾಣಿ 1926ಕ್ಕೋ ವಲಯ ಕಚೇರಿಗೋ ತಿಳಿಸಿ. ಬಿದ್ದ ಪೈರನ್ನು, ಕಿತ್ತ ಅಡಿಕೆ ಸಸಿಗಳನ್ನು ಸ್ಥಳ ಪರಿಶೀಲನೆ ಮುಗಿಯುವವರೆಗೆ ಹಾಗೆಯೇ ಬಿಡಿ, ತೋಟ ಶುಚಿಯಾಗಲೆಂದು ಅವಸರಪಟ್ಟರೆ ಸಾಕ್ಷ್ಯ ಉಳಿಯುವುದಿಲ್ಲ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಂಡು, ಹೆಜ್ಜೆಗುರುತಿನ ಪಕ್ಕ ಒಂದು ಅಳತೆಪಟ್ಟಿ ಇಟ್ಟು ಹತ್ತಿರದ ಫೋಟೊ, ಗದ್ದೆಯ ಗಡಿ ಕಾಣುವಂತೆ ದೂರದ ಫೋಟೊ ತೆಗೆಯಿರಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆದು, ಮುಂದಿನ ಪತ್ರಗಳಲ್ಲೆಲ್ಲ ಅದನ್ನೇ ನಮೂದಿಸಿ.